ತಲೆ ಮೇಲೊಂದು ಸೊಟ್ಟ ಚೌಕ

ಸೀಲಿಂಗಿನಲ್ಲಿ ರಂಧ್ರ ಕೊರೆದು ಕೂರಿಸುವ ದುಂಡನೆಯ ಲೈಟಿಗೆ ಒಂದು ದೊಡ್ಡ ಗುಣವಿದೆ. ಹೇಗೆ ತಿರುಗಿಸಿ ಕೂರಿಸಿದರೂ ಅದು ದುಂಡಗೇ ಇರುತ್ತದೆ. ಚೌಕ ಲೈಟು ಹಾಗಲ್ಲ, ಅದು ಚಾಡಿಕೋರ. ಕೂರಿಸಿದವನ ಕೈ ಎಷ್ಟು ಜಾರಿತು, ಗೋಡೆ ಕಟ್ಟಿದವನ ಮೂಲೆಮಟ್ಟ ಎಷ್ಟು ತಪ್ಪಿತು, ಕೊಳ್ಳುವಾಗ ನಾವೆಷ್ಟು ಅವಸರ ಮಾಡಿದೆವು ಎಂಬುದನ್ನೆಲ್ಲ ಮೇಲಿನಿಂದ ಬೆಳಕು ಬಿಟ್ಟು ತೋರಿಸುತ್ತದೆ.

ಹಗಲಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಅಂಗಾತ ಮಲಗಿ ಮೇಲೆ ನೋಡಿದಾಗಲೇ ಎದೆ ಧಸಕ್ಕೆನ್ನುವುದು. ಮೂರು ಲೈಟು ನೆಟ್ಟಗಿವೆ, ನಾಲ್ಕನೆಯದು ಕತ್ತು ಉಳುಕಿದವರ ಹಾಗೆ ಒಂಚೂರು ಓರೆ. ಒಂಚೂರು ಎಂದರೆ ಒಂದು ಡಿಗ್ರಿ. ಎರಡಡಿ ಚೌಕದ ಪ್ಯಾನೆಲ್ ಲೈಟು ಒಂದು ಡಿಗ್ರಿ ತಿರುಗಿದರೆ ಒಂದೇ ಅಂಚಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹತ್ತು ಮಿಲಿಮೀಟರ್ ವ್ಯತ್ಯಾಸ. ಎಂಟಿಂಚಿನ ಸಣ್ಣ ಲೈಟಿನಲ್ಲಿ ಮೂರೂವರೆ ಮಿಲಿಮೀಟರ್ ಅಷ್ಟೆ. ಆದರೆ ಪಕ್ಕದಲ್ಲೇ ಗೋಡೆಯಂಚಿನ ಉದ್ದನೆಯ ಗೆರೆ ಇರುತ್ತದಲ್ಲ, ಎರಡನ್ನೂ ಹೋಲಿಸಿ ನೋಡುವ ಕಣ್ಣು ಅದನ್ನು ಬಿಡುವುದಿಲ್ಲ. ಒಮ್ಮೆ ಕಂಡಿತೋ, ಆಮೇಲೆ ಅದು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ತಪ್ಪು ಶುರುವಾಗುವುದು ರಂಧ್ರದಲ್ಲಿ. ದುಂಡು ರಂಧ್ರಕ್ಕೆ ಹೋಲ್ ಸಾ ಎಂಬ ಬಳೆಯಾಕಾರದ ಗರಗಸ ಸಾಕು, ಡ್ರಿಲ್ಲಿಗೆ ಸಿಕ್ಕಿಸಿ ಗರ್ ಎನಿಸಿದರೆ ಕೆಲಸ ಮುಗಿಯಿತು. ಚೌಕವನ್ನು ನಾಲ್ಕು ಗೆರೆ ಎಳೆದು, ನಾಲ್ಕು ಮೂಲೆಗೂ ಮೊದಲು ಸಣ್ಣ ತೂತು ಕೊರೆದು, ಆಮೇಲೆ ಕೈಗರಗಸ ಹಾಕಿ ಕೊಯ್ಯಬೇಕು. ಮೂಲೆಯ ತೂತು ಕೊರೆಯದಿದ್ದರೆ ಗರಗಸ ಗೆರೆ ದಾಟುತ್ತದೆ, ಆಮೇಲೆ ಸೀಲಿಂಗಿನ ಜಿಪ್ಸಂ ಬೋರ್ಡು ಅಲ್ಲಿಂದಲೇ ಬಿರುಕು ಬಿಡಬಹುದು. ಅಳತೆಯನ್ನು ಲೈಟಿನ ಹೊರ ಅಂಚಿನಿಂದ ತೆಗೆದುಕೊಂಡವರ ಪಾಡು ಹೇಳತೀರದು: ಲೈಟು ನೇರ ಒಳಗೆ ಹೋಗಿ ಮಾಯ! ಡಬ್ಬಿಯ ಮೇಲೆ ‘ಕಟೌಟ್’ ಅಂತ ರಂಧ್ರದ ಅಳತೆಗೆ ಬೇರೆಯೇ ಸಂಖ್ಯೆ ಇರುತ್ತದೆ, ಅದು ಒಂದೊಂದು ಕಂಪನಿಗೆ ಒಂದೊಂದು. ಹಳೆಯ ಲೈಟು ಕೆಟ್ಟು ಹೊಸದು ತರುವ ಹೊತ್ತಿಗೆ ಆ ಮಾದರಿಯೇ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕೇ ಮೊದಲ ಸಲವೇ ಒಂದೆರಡು ಹೆಚ್ಚಿಗೆ ತಂದು ಅಟ್ಟದ ಮೇಲಿಡಿ. ಎಲ್ಲಿಟ್ಟಿದ್ದೇವೆ ಎಂಬುದನ್ನೂ ಬರೆದಿಡಿ.

ಇನ್ನು ಓರೆಗೆ ಕಾರಣ. ಲೈಟಿನ ಒಡಲಿಗಿಂತ ರಂಧ್ರ ಮೂರೇ ಮೂರು ಮಿಲಿಮೀಟರ್ ದೊಡ್ಡದಾದರೂ ಎಂಟಿಂಚಿನ ಲೈಟು ಆ ಕಡೆಗೂ ಈ ಕಡೆಗೂ ಒಂದು ಡಿಗ್ರಿಯ ಹತ್ತಿರ ತಿರುಗಬಲ್ಲದು. ಹಳೆಯ ದುಂಡು ರಂಧ್ರಕ್ಕೆ ಚೌಕ ಲೈಟು ಸಿಕ್ಕಿಸಿದ್ದರಂತೂ ಕೇಳಲೇಬೇಡಿ, ಅದು ಗ್ರಹದಂತೆ ತನ್ನ ಸುತ್ತ ತಾನೇ ಸುತ್ತಲು ಸ್ವತಂತ್ರ.

ನೆಟ್ಟಗೆ ಮಾಡಲು ಇಬ್ಬರು ಬೇಕು. ಒಬ್ಬರು ಏಣಿಯ ಮೇಲೆ, ಒಬ್ಬರು ಕೆಳಗೆ. ಲೋಕದ ನಗೆಪಾಟಲೆಲ್ಲ ಈ ಇಬ್ಬರ ನಡುವಿನ ಎಂಟಡಿಯಲ್ಲಿದೆ. ಏಣಿ ಮೇಲಿದ್ದವರಿಗೆ ಕೈ ಎಟುಕುತ್ತದೆ, ಆದರೆ ಮೂಗು ಲೈಟಿಗೆ ತಾಗುವಷ್ಟು ಹತ್ತಿರವಿರುವುದರಿಂದ ಸೊಟ್ಟ ಕಾಣುವುದಿಲ್ಲ. ಕೆಳಗಿದ್ದವರಿಗೆ ಸೊಟ್ಟ ಕಾಣುತ್ತದೆ, ಕೈ ಎಟುಕುವುದಿಲ್ಲ.

“ಸ್ವಲ್ಪ ಎಡಕ್ಕೆ.”

“ಯಾರ ಎಡಕ್ಕೆ?”

“ನಿಮ್ಮ... ಅಲ್ಲಲ್ಲ, ನನ್ನ ಎಡಕ್ಕೆ. ಅಯ್ಯೋ, ಜಾಸ್ತಿ ಆಯ್ತು ರೀ.”

“ಈಗ?”

“ಈಗ ಮೊದಲೇ ಚೆನ್ನಾಗಿತ್ತು ಅನ್ನಿಸ್ತಿದೆ.”

ತಿರುಗುವ ವಸ್ತುವಿಗೆ ಎಡ–ಬಲ ಎಲ್ಲಿಯದು? ಈ ಅಂಚು ಎಡಕ್ಕೆ ಹೋದರೆ ಎದುರಿನ ಅಂಚು ಬಲಕ್ಕೆ ಹೋಗಲೇಬೇಕು. ಹಾಗಾಗಿ ಹೇಳುವ ಕ್ರಮ ಹೀಗೆ: ‘ಕಿಟಕಿ ಪಕ್ಕದ ಅಂಚನ್ನು ಬಾಗಿಲ ಕಡೆಗೆ ಒಂದು ಅಕ್ಕಿಕಾಳಿನಷ್ಟು.’ ಇಷ್ಟು ಹೇಳಿದರೆ ದಾಂಪತ್ಯವೂ ಉಳಿಯುತ್ತದೆ. ಇನ್ನೂ ಒಳ್ಳೆಯದು, ಮೊದಲ ಲೈಟಿನಿಂದ ಕೊನೆಯದಕ್ಕೆ ಒಂದು ದಾರ ಬಿಗಿದು ಎಲ್ಲದರ ಅಂಚನ್ನೂ ಅದಕ್ಕೆ ಹೊಂದಿಸುವುದು. ಏಣಿ ಹತ್ತುವ ಮುಂಚೆ ಸ್ವಿಚ್ಚಲ್ಲ, ಮೇನ್ ಆಫ್ ಮಾಡಬೇಕು. ಮತ್ತೆ ಲೈಟನ್ನು ಸೀಲಿಂಗಿಗೆ ಕಚ್ಚಿ ಹಿಡಿಯುವ ಆ ಸ್ಪ್ರಿಂಗ್ ಕ್ಲಿಪ್ಪಿನ ಮೇಲೆ ಒಂದು ಕಣ್ಣಿರಲಿ. ಇಲಿಬೋನು ಮಾಡುವವರೇ ಬಿಡುವಿನ ವೇಳೆಯಲ್ಲಿ ಅದನ್ನೂ ಮಾಡಿರಬೇಕು.

ಜಾಗದ ಲೆಕ್ಕ ಸುಲಭ, ಆದರೂ ತಪ್ಪುವವರೇ ಹೆಚ್ಚು. ಗೋಡೆಯಿಂದ ಮೊದಲ ಲೈಟಿಗೆ ಇರುವ ದೂರ ಎರಡು ಲೈಟುಗಳ ನಡುವಿನ ದೂರದ ಅರ್ಧ. ಹನ್ನೆರಡಡಿಗೆ ಮೂರು ಲೈಟಾದರೆ ಎರಡು, ನಾಲ್ಕು, ನಾಲ್ಕು, ಎರಡು. ಫ್ಯಾನಿನ ರೆಕ್ಕೆಯ ನೇರ ಮೇಲೆ ಮಾತ್ರ ಬೇಡ. 1200 ಮಿಮೀ ಫ್ಯಾನು ಎಂದರೆ ನಡುವಿನಿಂದ ಎರಡಡಿ ಸುತ್ತು, ಅದರಾಚೆಗೆ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು. ಇಲ್ಲದಿದ್ದರೆ ಓದುತ್ತಿರುವ ಪುಟದ ಮೇಲೆ ರೆಕ್ಕೆಗಳ ನೆರಳು ಪಟಪಟ ಬಡಿದು ತಲೆ ಸುತ್ತು ಬರುತ್ತದೆ. ಬೆಳಕಿನ ಬಣ್ಣವೂ ಒಂದೇ ಇರಲಿ, ಅದರ ಅಳತೆ ಕೆಲ್ವಿನ್: 3000 ಕೆಲ್ವಿನ್ ಹಳದಿ ಛಾಯೆ, 4000 ಮಧ್ಯಮ, 6500 ಬಿಳಿ. ನಾಲ್ಕರಲ್ಲಿ ಒಂದು ಮಾತ್ರ 6500 ಆಗಿಬಿಟ್ಟರೆ ಆ ಮೂಲೆಯಲ್ಲಿ ಕೂತವರೆಲ್ಲ ಜ್ವರ ಬಂದವರಂತೆ ಕಾಣುತ್ತಾರೆ.

ಆಫ್ ಮಾಡಿದ ಮೇಲೂ ಲೈಟು ಮಿಣಮಿಣ ಅನ್ನುತ್ತಿದ್ದರೆ ದೆವ್ವವಲ್ಲ. ಸ್ವಿಚ್ಚು ಕರೆಂಟು ತರುವ ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರಬಹುದು, ಅಥವಾ ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ತೊಟ್ಟು ತೊಟ್ಟು ಕರೆಂಟು ಬಿಡುತ್ತಿರಬಹುದು. ಪೂರ್ತಿ ಸತ್ತಿದ್ದರೆ ಮೊದಲು ಡ್ರೈವರ್, ಅಂದರೆ ಲೈಟಿಗೆ ಕರೆಂಟನ್ನು ಹದ ಮಾಡಿ ಕೊಡುವ ಪುಟ್ಟ ಡಬ್ಬಿ, ನೋಡಿ. ಅನೇಕ ಸಲ ಸಾಯುವುದು ಬೆಳಕಲ್ಲ, ಮೇಲೆ ಕತ್ತಲಲ್ಲಿ ಬಿಸಿಯಲ್ಲಿ ಕೂತ ಆ ಡಬ್ಬಿ.

ಇಷ್ಟೆಲ್ಲ ಆದ ಮೇಲೆ ಒಂದು ಕೊರತೆ ಉಳಿದೇ ಉಳಿಯುತ್ತದೆ. ಈ ಅಗಲ ಪ್ಯಾನೆಲ್ಲುಗಳ ಹರಡಿದ ಬೆಳಕಿನಲ್ಲಿ ನೆರಳೇ ಸರಿಯಾಗಿ ಬೀಳುವುದಿಲ್ಲ. ವೈರಿನ ತುದಿಗೆ ಒಂದೇ ಬಲ್ಬು ತೂಗಾಡುತ್ತಿದ್ದಾಗ ಗೋಡೆಯ ಮೇಲೆ ಕೈಬೆರಳಿನಿಂದ ಮೊಲ, ನಾಯಿ ಎಲ್ಲ ಓಡಾಡುತ್ತಿದ್ದವು. ಗಾಳಿಗೆ ಬಲ್ಬು ಅಲ್ಲಾಡಿದರೆ ಮನೆಯೇ ತೂಗುತ್ತಿತ್ತು. ಸೊಟ್ಟ ಇದೆ ಅಂತ ಯಾರೂ ಏಣಿ ತರುತ್ತಿರಲಿಲ್ಲ.

ಈಗ ತಂದೇ ತರುತ್ತೇವೆ. ದಾರ ಕಟ್ಟಿ, ಅಕ್ಕಿಕಾಳಿನ ಲೆಕ್ಕದಲ್ಲಿ ತಿರುಗಿಸಿ, ಬಾಗಿಲಲ್ಲಿ ನಿಂತು ನೋಡಿದರೆ ನಾಲ್ಕೂ ನೆಟ್ಟಗೆ. ಮಂಚದ ಮೇಲೆ ಮಲಗಿ ನೋಡಿದರೆ ನಾಲ್ಕೂ ಸೊಟ್ಟ. ಆಗ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಕೋಣೆಯ ಎರಡೂ ಕರ್ಣ ಅಳೆದು ನೋಡಿ. ಒಂದು ಇನ್ನೊಂದಕ್ಕಿಂತ ಎರಡಿಂಚು ಉದ್ದ! ಲೈಟು ಸರಿಯಾಗೇ ಇದೆ, ಕೋಣೆಯೇ ಸೊಟ್ಟ. ಒಂದು ಗೋಡೆಗೆ ಹೊಂದಿಸಿದರೆ ಪಕ್ಕದ ಗೋಡೆಗೆ ಓರೆ. ಯಾವ ಗೋಡೆ ಹೆಚ್ಚು ಕಣ್ಣಿಗೆ ಬೀಳುತ್ತದೋ ಅದಕ್ಕೇ ಹೊಂದಿಸಿ ಸುಮ್ಮನಾಗುವುದು ವಾಡಿಕೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಮಂಚವನ್ನೇ ಒಂದು ಡಿಗ್ರಿ ತಿರುಗಿಸಿ. ಅದಕ್ಕೆ ಏಣಿ ಬೇಕಿಲ್ಲ.