ಮೊದಲು ನೀರು, ಬುಷ್, ಬ್ರೇಕ್; ಬಿಎಚ್‌ಪಿ ಆಮೇಲೆ

ನಮ್ಮ ದಾವಣಗೆರೆಯಲ್ಲಿ ಹಳೇ ಜರ್ಮನ್ ಕಾರುಗಳು ಈಗ ಜಾಸ್ತಿ ಕಾಣಿಸುತ್ತಿವೆ. ಬಿಎಂಡಬ್ಲ್ಯು 3 ಸೀರೀಸಿನ ಇ90 ಮಾದರಿ, ಹಳೇ ಬೆಂಜ್, ಮೊದಲ ಬ್ಯಾಚಿನ ಪೋಲೋ, ಜೆಟ್ಟಾ. ಹೊಸ ಸಣ್ಣ ಕಾರಿನ ರೇಟಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತವೆ. ಕೊಳ್ಳುವವರು ಹೆಚ್ಚಾಗಿ ಇಪ್ಪತ್ತೈದು, ಮೂವತ್ತರ ಹುಡುಗರು. ನನಗೆ ಇದು ನಿಜವಾಗಿ ಖುಷಿಯ ವಿಷಯ. ಗುಜರಿಗೆ ಹೋಗಬೇಕಿದ್ದ ಒಳ್ಳೆ ಗಾಡಿಗಳು ಮತ್ತೆ ರಸ್ತೆಗೆ ಬರುತ್ತಿವೆ.

ಬೇಜಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ಕಾರು ಮನೆಗೆ ಬಂದು ವಾರ ಆಗಿರುವುದಿಲ್ಲ, ರೀಮ್ಯಾಪ್ ಆಗಿರುತ್ತದೆ, ಅಂದರೆ ಬಿಎಚ್‌ಪಿ (ಇಂಜಿನ್ನಿನ ಶಕ್ತಿ) ಏರಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿರುತ್ತಾರೆ. ಸೈಲೆನ್ಸರ್ ಕತ್ತರಿಸಿರುತ್ತಾರೆ. ಸ್ಪ್ರಿಂಗ್ ತಗ್ಗಿಸಿರುತ್ತಾರೆ. ಆದರೆ ಬಾನೆಟ್ ಎತ್ತಿದರೆ ರೇಡಿಯೇಟರ್ ಹೋಸ್ ಕಂಪನಿಯಿಂದ ಬಂದದ್ದೇ, ಹದಿನೈದು ವರ್ಷದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರೆ ಇದೇ.

ನಾನು ಮಾಡಿಫಿಕೇಶನ್ ವಿರೋಧಿ ಅಲ್ಲ. ನನ್ನ ಕಾರೂ ಕಂಪನಿಯಿಂದ ಬಂದ ಹಾಗೆ ಉಳಿದಿಲ್ಲ. ನನ್ನ ತಕರಾರು ಸರದಿಯ ಬಗ್ಗೆ. ಹಳೇ ಕಾರನ್ನು ಮೊದಲು ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಸ್ಥಿತಿಗೆ ತರಬೇಕು. ಬದಲಾವಣೆಯೆಲ್ಲ ಆಮೇಲೆ.

ನಮ್ಮ ಕಡೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೀರು. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗದಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಬರುತ್ತದೆ. ಆ ಕಾಲದ ಬಿಎಂಡಬ್ಲ್ಯುಗಳಲ್ಲಿ ಕೂಲೆಂಟ್ ಟ್ಯಾಂಕು, ಹೋಸ್ ಕನೆಕ್ಟರು ಎಲ್ಲಾ ಪ್ಲಾಸ್ಟಿಕ್. 1998ರಲ್ಲಿ ಬಂದ, ಇ90ಗಿಂತ ಹಿಂದಿನ ಮಾದರಿಯಾದ ಇ46ನಲ್ಲಿ ಟ್ಯಾಂಕ್ ಮುಚ್ಚಳ 2 ಬಾರ್ ಒತ್ತಡದ ತನಕ ತಡೆದು ಹಿಡಿಯುತ್ತದೆ. ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗುತ್ತದೆ. ಒಂದು ದಿನ ಹಿರಿಯೂರು ದಾಟಿದ ಮೇಲೆ ಒಡೆಯುತ್ತದೆ. ಆ ಶಾಖಕ್ಕೆ ಇಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ.

"ಮುಳ್ಳು ನಡುವೆ ಇದೆಯಲ್ಲ, ಏನೂ ಆಗಿಲ್ಲ" ಎನ್ನುವವರು ಇದನ್ನು ಗಮನಿಸಿ. ಇ46ನಂಥ ಕಾರುಗಳಲ್ಲಿ ಟೆಂಪರೇಚರ್ ಮುಳ್ಳು ನಿಜವಾದ ಶಾಖವನ್ನು ಹಾಗೇ ತೋರಿಸುವುದಿಲ್ಲ. ಸಾಕಷ್ಟು ಏರಿಳಿತ ಆದರೂ ಅದು ನಡುವೆಯೇ ನಿಲ್ಲುವಂತೆ ಮಾಡಿದ್ದಾರೆ. ಮುಳ್ಳು ಮೇಲೆ ಹೋಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದುವ ಸಾಕೆಟ್ಟಿಗೆ) ಒಂದು ಸಣ್ಣ ರೀಡರ್ ಹಾಕಿ ಮೊಬೈಲಿನಲ್ಲಿ ಅಸಲಿ ಡಿಗ್ರಿ ನೋಡಿಕೊಳ್ಳಿ.

ಇನ್ನೊಂದು, ಬೋರ್‌ವೆಲ್ ನೀರು. ಗೆಳೆಯನ ಹಳೇ ಸೆಡಾನಿನ ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ಹಿಡಿತದಲ್ಲಿಡುವ ವಾಲ್ವ್) ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಒಳಗೆಲ್ಲ ಬಿಳಿ ಪದರ ಕಟ್ಟಿತ್ತು. ನಮ್ಮ ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಸುಣ್ಣ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು. ವಾಲ್ವ್ ಪೂರ್ತಿ ತೆರೆಯುತ್ತಿರಲಿಲ್ಲ. ಹೋಸಿನ ಕ್ಲಿಪ್ ತೆಗೆಯುವಾಗ ಪ್ಲಾಸ್ಟಿಕ್ ಕುತ್ತಿಗೆ ಮೆಕ್ಯಾನಿಕ್ ಕೈಯಲ್ಲೇ ಮುರಿದುಕೊಂಡಿತು, ಅವರು ಜೋರಾಗಿ ಎಳೆದಿರಲೂ ಇಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ನಲ್ಲಿ ನೀರು ಹೊಯ್ದು ಓಡಿಸಿದ್ದರು. ಕಂಪನಿ ಹೇಳಿದ ಕೂಲೆಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ ಹಾಕಿ. ಬೇರೆ ಬೇರೆ ಬಣ್ಣದ್ದನ್ನು ಕಲಸಬೇಡಿ. ಪಂಪು, ಥರ್ಮೋಸ್ಟಾಟು, ಟ್ಯಾಂಕು, ಹೋಸು ಎಲ್ಲವನ್ನೂ ಒಟ್ಟಿಗೇ ಬದಲಿಸಿ. ರೀಮ್ಯಾಪಿಗೆ ಎತ್ತಿಟ್ಟ ದುಡ್ಡು ಮೊದಲು ಇಲ್ಲಿಗೆ ಹೋಗಲಿ.

ಇಂಜಿನ್ ವಿಷಯದಲ್ಲೂ ಕೊಳ್ಳುವ ಮೊದಲೇ ಓದಿಕೊಳ್ಳಬೇಕು. ಬಿಎಂಡಬ್ಲ್ಯು 320ಡಿಯಲ್ಲಿ ಬಂದ ಎನ್47 ಡೀಸೆಲ್ ಇಂಜಿನ್ನಿನಲ್ಲಿ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಚೈನ್ ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಅದು ಸವೆದು ಸದ್ದು ಮಾಡುತ್ತಿರುವಾಗ ರೀಮ್ಯಾಪ್ ಮಾಡಿ ಟಾರ್ಕ್ (ಇಂಜಿನ್ನಿನ ಎಳೆಯುವ ಬಲ) ಏರಿಸುವುದು ತೀರಾ ತಪ್ಪು. ಫೋಕ್ಸ್‌ವ್ಯಾಗನ್ ಗುಂಪಿನ ಪಿಡಿ ಎಂಬ ಹಳೇ ಡೀಸೆಲ್ ಇಂಜಿನ್ನುಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ಒತ್ತುವುದು ಕ್ಯಾಮ್ ಶಾಫ್ಟೇ. ಅದಕ್ಕೇ ಅವಕ್ಕೆ 505.01 ಎಂಬ ಗುರುತಿನ ಆಯಿಲ್ ಬೇಕು. ಗ್ರೇಡ್ ಒಂದೇ ಅಂತ ಸಿಕ್ಕಿದ್ದು ಹಾಕಿದರೆ ಕ್ಯಾಮ್ ಸವೆಯುತ್ತದೆ. 1995ರಿಂದ ಪುಣೆಯಲ್ಲಿ ಜೋಡಿಸಿದ ಬೆಂಜ್ ಡಬ್ಲ್ಯು124 ಇ220 ನೋಡುವವರು ಇಂಜಿನ್ ವೈರಿಂಗನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಆ ಕಾಲದ ಬೆಂಜ್‌ಗಳಲ್ಲಿ ವೈರಿನ ಹೊದಿಕೆ ಒಣಗಿ ಪುಡಿಪುಡಿಯಾಗುತ್ತದೆ.

"ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು" ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ಲೇತ್ ಮಷಿನ್ ತಯಾರಾಗಿ ದೇಶಕ್ಕೆಲ್ಲ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ, ಆದರೆ ಆ ಕೈಗಳು, ಆ ಕೈಗಳಿಂದ ಕಲಿತವರು ಇನ್ನೂ ಇದ್ದಾರೆ. ಕೂದಲೆಳೆಯಷ್ಟು ಲೆಕ್ಕವನ್ನು ಇವರಷ್ಟು ಚೆನ್ನಾಗಿ ಹಿಡಿಯುವವರು ಎಲ್ಲಿ ಸಿಗುತ್ತಾರೆ ಹೇಳಿ?

ನನ್ನ ಕಾರಿನ ಹಿಂದಿನ ಬುಷ್‌ಗಳನ್ನು (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬಳೆಗಳನ್ನು) ಹಾಕಿದ್ದು ಇಲ್ಲೇ. ಬುಷ್ ಕೂರಿಸಲು ಬೇಕಾದ ಪ್ರೆಸ್ಸಿಂಗ್ ಟೂಲ್ ಮಾಡಿಕೊಟ್ಟವರು ಹರಿಹರದ ಒಬ್ಬ ಹಿರಿಯ ಟರ್ನರ್. ಹಳೇ ಬುಷ್ಷನ್ನು ಮೈಕ್ರೋಮೀಟರಿನಲ್ಲಿ ಮೂರು ಕಡೆ ಅಳೆದರು. "ಇದರ ಹೊರ ಅಂಚನ್ನು ಒತ್ತಬೇಕು, ರಬ್ಬರನ್ನಲ್ಲ" ಎಂದು ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು. ಟೂಲಿನ ಬಟ್ಟಲಿನಂಥ ಭಾಗದ ಒಳಗೆ ಲೇತಿನಲ್ಲಿ ಸಣ್ಣ ಮೆಟ್ಟಿಲು ತಿರುವಿದರು. ಬುಷ್ ಸರಕ್ ಅಂತ ನೇರವಾಗಿ ಕೂತಿತು.

ಅವರಿಗೆ ಜರ್ಮನ್ ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಾರಿನ ಮಾಹಿತಿ ಕೊಡುವುದು ನಮ್ಮ ಕೆಲಸ. ಬೋಲ್ಟನ್ನು ಎಷ್ಟು ಟಾರ್ಕಿಗೆ ಬಿಗಿಯಬೇಕು, ಯಾವ ಬೋಲ್ಟನ್ನು ಒಂದೇ ಸಲ ಬಳಸಬೇಕು, ಎಲ್ಲಾ ಬರೆದುಕೊಂಡು ಹೋಗಬೇಕು. ಬಿಎಂಡಬ್ಲ್ಯು ಎನ್52 ಇಂಜಿನ್ನಿನ ಬ್ಲಾಕಿನಲ್ಲಿ ಮೆಗ್ನೀಸಿಯಂ ಇದೆ. ಅದಕ್ಕೆ ಹಾಕುವ ಅಲ್ಯೂಮಿನಿಯಂ ಬೋಲ್ಟನ್ನು ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು. ರಬ್ಬರ್ ಬುಷ್ಷಿನ ಬೋಲ್ಟನ್ನು ಕಾರು ಜಾಕಿನ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ನೆಲಕ್ಕೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಮ್ಮ ಹಂಪುಗಳ ಮೇಲೆ ಬೇಗ ಹರಿಯುತ್ತದೆ. "ಡೂಪ್ಲಿಕೇಟ್ ಬುಷ್ ಕೊಟ್ಟರು" ಎಂದು ಅಂಗಡಿಯವರನ್ನು ಬೈಯುವ ಮೊದಲು ಹೇಗೆ ಬಿಗಿದಿದ್ದಾರೆ ಅಂತ ಕೇಳಿ.

ಹಾಗಂತ ಎಲ್ಲವನ್ನೂ ಲೇತಿಗೆ ಕೊಡಬಾರದು. ಅಲಾಯ್ ವೀಲಿನ ನಡುವಿನ ತೂತು ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ತಿರುವಿಸಿಕೊಳ್ಳಿ, ಒಳ್ಳೆಯದು. ಪೋಲೋ ಹಬ್ 57.1 ಮಿಲಿಮೀಟರ್, ಇ46 ಮತ್ತು ಇ90ರದ್ದು 72.6. ಅಷ್ಟಕ್ಕೇ ಸರಿಯಾಗಿ ಕೂರಬೇಕು, ಆಗ 80ರ ಮೇಲೆ ಸ್ಟೇರಿಂಗ್ ನಡುಗುವುದು ನಿಲ್ಲುತ್ತದೆ. ಆದರೆ ಸಿಕ್ಕ ಅಲ್ಯೂಮಿನಿಯಂ ತುಂಡಿನಲ್ಲಿ ವೀಲನ್ನು ಹೊರಗೆ ತಳ್ಳುವ ಸ್ಪೇಸರ್ ಮಾಡಿಸುವುದು, ಚಕ್ರ ಹಿಡಿದಿಡುವ ಲೋವರ್ ಆರ್ಮ್ ಬಾಗಿದ್ದರೆ ಅದಕ್ಕೆ ವೆಲ್ಡಿಂಗ್ ಹೊಡೆಸುವುದು, ಬ್ರೇಕ್ ಪೈಪಿಗೆ ಜೋಡು ಹಾಕಿಸುವುದು ಬೇಡವೇ ಬೇಡ. ಅದು ಉಳಿತಾಯ ಅಲ್ಲ. ಆ ಕಾರಿನಲ್ಲಿ ನಿಮ್ಮ ಮನೆಯವರೂ ಕೂರುತ್ತಾರೆ.

ಬ್ರೇಕ್ ಆಯಿಲ್ ಬಗ್ಗೆ ನಮ್ಮಲ್ಲಿ ಯಾರೂ ಯೋಚನೆಯನ್ನೇ ಮಾಡುವುದಿಲ್ಲ. ಅದು ಗಾಳಿಯಿಂದ ತೇವ ಹೀರುತ್ತಾ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಒಂದಾದ ಮೇಲೊಂದು ತಿರುವಿಗೆ ಬ್ರೇಕ್ ಒತ್ತಿದರೆ ಆ ಶಾಖ ಸುಲಭವಾಗಿ ಬರುತ್ತದೆ. ಆಯಿಲ್ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಟ್ರ್ಯಾಕಿಗೆ ಹೋಗುವುದಿದ್ದರೆ ಹೋಗುವ ಮುಂಚೆಯೇ ಬದಲಿಸಿ. ಖರ್ಚು ಏನೂ ದೊಡ್ಡದಲ್ಲ.

ಈಗ ಟ್ರ್ಯಾಕ್ ವಿಷಯ. ರಾತ್ರಿ ಹತ್ತರ ಮೇಲೆ ಬೈಪಾಸಿನಲ್ಲಿ 180, 200 ಹೊಡೆದು ವಿಡಿಯೋ ಹಾಕುವವರಿಗೆ ನೇರವಾಗಿ ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 48 ರೇಸ್ ಟ್ರ್ಯಾಕ್ ಅಲ್ಲ. ಅಲ್ಲಿ ಮೆಕ್ಕೆಜೋಳದ ಟ್ರಾಕ್ಟರ್ ಹಿಂದಿನ ದೀಪವಿಲ್ಲದೆ ಬರುತ್ತದೆ. ಊರಿನವರು ಡಿವೈಡರ್ ದಾಟುತ್ತಾರೆ. ಅವರಿಗೆ ನಿಮ್ಮ ಹವ್ಯಾಸದ ಜತೆ ಏನೂ ಸಂಬಂಧವಿಲ್ಲ. ನಿಜವಾಗಿ ಓಡಿಸುವ ಆಸೆ ಇದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಸುಮಾರು 2.1 ಕಿಲೋಮೀಟರ್. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರಿನದ್ದು ಇದೆ. ದೂರ ನಿಜ. ಆದರೆ ಅಲ್ಲಿ ಎದುರಿಗೆ ಯಾರೂ ಬರುವುದಿಲ್ಲ, ಆಂಬುಲೆನ್ಸ್ ನಿಂತಿರುತ್ತದೆ, ಹೆಲ್ಮೆಟ್ ಹಾಕಿಸುತ್ತಾರೆ.

ಅಲ್ಲಿ ಒಂದು ದಿನ ಓಡಿಸಿದರೆ ಬಿಎಚ್‌ಪಿ ಹುಚ್ಚು ತಾನಾಗೇ ಇಳಿಯುತ್ತದೆ. ಒಳ್ಳೆ ಪ್ಯಾಡು, ಹೊಸ ಬ್ರೇಕ್ ಆಯಿಲು, ಒಳ್ಳೆ ಟೈರು, ಸರಿಯಾದ ಅಲೈನ್‌ಮೆಂಟ್ ಇರುವ ಸಾಧಾರಣ ಪೋಲೋ, ರೀಮ್ಯಾಪ್ ಆಗಿ ಬ್ರೇಕ್ ಸತ್ತಿರುವ ದೊಡ್ಡ ಕಾರಿಗಿಂತ ಚೆನ್ನಾಗಿ ಓಡುತ್ತದೆ. ಇ46 ಅಥವಾ ಅದಕ್ಕೂ ಹಿಂದಿನ ಇ36 ತಗೊಂಡು ಹೋಗುವವರು ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟು) ಕಾರಿನ ಬಾಡಿಯನ್ನು ಸೇರುವ ಜಾಗದಲ್ಲಿ ಬಿರುಕು ಇದೆಯಾ ಅಂತ ಮೊದಲೇ ಎತ್ತಿ ನೋಡಿಸಿ. ಅಲ್ಲಿ ತಗಡು ಸೀಳುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಓಡಿಸಿ ಬಂದ ಮೇಲೆ ಬ್ರೇಕ್ ಕಾದಿರುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ವೀಲ್ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲೇ ನೋಡಿ. ಈ ಕಾರುಗಳಲ್ಲಿ ಬಹುಪಾಲಿಗೆ 120 ನ್ಯೂಟನ್ ಮೀಟರ್.

ಕೊನೆಗೆ ಕಾನೂನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೂ ಅದಕ್ಕೇ. ಕಿವಿ ಹರಿಯುವ ಸೈಲೆನ್ಸರ್ ಹಿಡಿದು ದಂಡ ಹಾಕಿದರೆ ನಾನು ಪೊಲೀಸರ ಪರ. ಆದರೆ ಜರ್ಮನಿಯಲ್ಲಿ ಏನು ಮಾಡುತ್ತಾರೆ ನೋಡಿ. ಅಲ್ಲಿ ಬೇರೆ ಸ್ಪ್ರಿಂಗು, ಬೇರೆ ವೀಲು ಹಾಕಬಹುದು, ಆದರೆ ಆ ಪಾರ್ಟಿಗೆ ಪರೀಕ್ಷೆಯ ಕಾಗದ ಇರಬೇಕು, ಬೇಕಾದ ಕಡೆ ಇನ್‌ಸ್ಪೆಕ್ಟರ್ ಕಾರನ್ನೇ ನೋಡಿ ಸಹಿ ಹಾಕಬೇಕು. ಹಳೇ ಕಾರುಗಳು ಎರಡು ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆಗೆ ಹೋಗಬೇಕು. 30 ವರ್ಷ ದಾಟಿ, ಮೂಲ ರೂಪದಲ್ಲಿ ಚೆನ್ನಾಗಿ ಉಳಿದ ಕಾರಿಗೆ ಪ್ರತ್ಯೇಕ ನಂಬರ್ ಪ್ಲೇಟ್ ಕೊಡುತ್ತಾರೆ. ಕಾರನ್ನು ಪ್ರೀತಿಸುವವರನ್ನೂ ರಸ್ತೆಯಲ್ಲಿ ನಡೆಯುವವರನ್ನೂ ಇಬ್ಬರನ್ನೂ ಕಾಪಾಡುವ ದಾರಿ ಅದು. ನಮಗೂ ಅದೇ ಬೇಕು.

ನಮ್ಮಲ್ಲಿ 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ದಾವಣಗೆರೆಯ ಕೆಎ 17 ಇರಲಿ, ಚಿತ್ರದುರ್ಗದ ಕೆಎ 16 ಇರಲಿ, ಆಗ ಯಾರಾದರೂ ಕಾರಿನ ಕೆಳಗೆ ಬಗ್ಗಿ ಬುಷ್ ನೋಡಲಿ, ಬ್ರೇಕ್ ಹೋಸ್ ನೋಡಲಿ, ಟೈರಿನ ಮೇಲೆ ಬರೆದ ವಾರ ಮತ್ತು ವರ್ಷ ಓದಲಿ. ಬರೀ ಹಾರ್ನು, ಲೈಟು, ಚಾಸಿ ನಂಬರ್ ನೋಡಿ ಕಳಿಸುವುದು ಬೇಡ. ಕೆಟ್ಟಿದ್ದರೆ ಫೇಲ್ ಮಾಡಲಿ. ಸರಿಮಾಡಿಸಿಕೊಂಡು ಮತ್ತೆ ತರುತ್ತೇವೆ.