ಕಡಲಸೌತೆಯೇ, 75 ವರ್ಷದ ದಾಖಲೆ ತಗೊಂಡು ಬಾ

ಮಳೆಗಾಲದಲ್ಲಿ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಬಲೆ ರಿಪೇರಿ ಬಿಟ್ಟರೆ ಆಗ ಮೀನುಗಾರರಿಗೆ ಉಳಿಯುವ ಕೆಲಸ ಅಂದರೆ ಯಾರಾದರೂ ಕರೆದ ಸಭೆಗೆ ಹೋಗಿ ಕೂರುವುದು. ಹಾಗೆ ಕಾರವಾರದ ಒಂದು ಹಾಲ್‌ನಲ್ಲಿ ಆಳಸಮುದ್ರದ ಖನಿಜದ ಬಗ್ಗೆ ತಿಳುವಳಿಕೆ ಕಾರ್ಯಕ್ರಮ ಅಂತ ಒಂದು ನಡೆಯಿತು. ಮೀನುಗಾರರ ಬಂದರು ಬೈತಖೋಲದಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ನಾನೂ ಹೋಗಿದ್ದೆ. ಪಲಾವ್ ಇದೆ ಅಂದಿದ್ದರು.

ಪರದೆಯ ಮೇಲೆ ಆನಿಮೇಶನ್ ಶುರುವಾಯಿತು. ನೀಲಿ ಕಡಲು, ಹಳದಿ ರೋಬೋಟು. ಅದು ಗುಳುಗುಳು ಅಂತ 6,000 ಮೀಟರ್ ಕೆಳಗಿಳಿದು, ಆಲೂಗಡ್ಡೆ ಗಾತ್ರದ ಕಪ್ಪು ಕಲ್ಲುಗಳನ್ನು ಒಂದೊಂದೇ ಹೆಕ್ಕುತ್ತಿತ್ತು. ಹಿಂದೆ ಶಹನಾಯಿ. ಕಡಲ ತಳದ ಮೇಲೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ಒಂದು ಕಿಲೋಮೀಟರ್ ದಾಟಿದರೆ ಕಡಲಲ್ಲಿ ಸೂರ್ಯನ ಬೆಳಕೇ ಇಲ್ಲ, ಆದರೆ ಆನಿಮೇಶನ್ ಮಾಡಿದ ಹುಡುಗನಿಗೆ ಅದನ್ನು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಅಥವಾ ಹೇಳಿದ್ದರೂ, ಬರೀ ಕಪ್ಪು ಪರದೆ ತೋರಿಸಿದರೆ ಕಾರ್ಯಕ್ರಮ ನಡೆಸುವ ಸಾಹೇಬರು ಬಿಲ್ ಪಾಸ್ ಮಾಡುತ್ತಿದ್ದರಾ?

ಕೆಲಸ ಕಷ್ಟದ್ದು, ಅದನ್ನು ಒಪ್ಪಬೇಕು. ಅಲ್ಲಿ ನೀರಿನ ಒತ್ತಡ ಇಲ್ಲಿನ ಗಾಳಿಯ ಒತ್ತಡದ 600 ಪಟ್ಟು. ರೇಡಿಯೋ, ಜಿಪಿಎಸ್ ಯಾವುದೂ ನೀರೊಳಗೆ ನಡೆಯಲ್ಲ. ತಂತಿ ಕಟ್ಟಿ ಇಳಿಸದಿದ್ದರೆ ಎಲ್ಲಾ ಶಬ್ದದಲ್ಲೇ ಮಾತಾಡಬೇಕು. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಅಂದರೆ ಹಡಗಿನಿಂದ "ನಿಲ್ಲು" ಅಂದರೆ ರೋಬೋಟಿಗೆ ಕೇಳುವುದು ನಾಲ್ಕು ಸೆಕೆಂಡ್ ಬಿಟ್ಟು. ಇಲಾಖೆಗೆ ಕೊಟ್ಟ ಅರ್ಜಿಗೆ ಹೋಲಿಸಿದರೆ ಇದು ಮಿಂಚಿನ ವೇಗವೇ ಬಿಡಿ.

2021ರಲ್ಲಿ ಕೇಂದ್ರ ಸರ್ಕಾರ ಆಳಸಮುದ್ರ ಹುಡುಕುವ ಡೀಪ್ ಓಷನ್ ಮಿಷನ್‌ಗೆ 4,077 ಕೋಟಿ ರೂಪಾಯಿ ಒಪ್ಪಿತು. ಮೂರು ಜನ ಕೂತು ಕೆಳಗಿಳಿಯುವ ಗೋಲದ ಹೆಸರು ಮತ್ಸ್ಯ 6000. ತಳದಲ್ಲಿ ಓಡಾಡಿ ಕಲ್ಲು ಬಾಚುವ ಯಂತ್ರದ ಹೆಸರು ವರಾಹ, ಅದು ಅದೇ ವರ್ಷ 5,270 ಮೀಟರ್ ಆಳದಲ್ಲಿ ನಡೆದು ತೋರಿಸಿತು. ಮತ್ಸ್ಯ ಆಯಿತು, ವರಾಹ ಆಯಿತು, ನಡುವಿನ ಕೂರ್ಮ ಎಲ್ಲಿ? ಅದು ಹೊನ್ನಾವರದ ಕಾಸರಕೋಡಿನ ಮರಳಲ್ಲಿ ಮೊಟ್ಟೆ ಇಡಲು ಜಾಗ ಹುಡುಕುತ್ತಿದೆ. ಅಲ್ಲಿ ಬಂದರಿನ ಗಲಾಟೆ. ಮತ್ತೆ ಯಕ್ಷಗಾನದ ವರಾಹ ಭೂಮಿಯನ್ನು ಕೋರೆಯ ಮೇಲೆ ಎತ್ತಿ ಉಳಿಸಿದ್ದು ನೆನಪಿದೆ, ಅದರ ಮೇಲಿನ ಕಲ್ಲು ಹೆಕ್ಕಿ ಬ್ಯಾಟರಿ ಮಾಡಲು ಕೊಟ್ಟ ಪ್ರಸಂಗ ನಾನಂತೂ ನೋಡಿಲ್ಲ.

ಕಲ್ಲಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇದೆ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಲು ಭಾರತಕ್ಕೆ ಒಪ್ಪಂದವಿದೆ. ನಮ್ಮ ಉತ್ತರ ಕನ್ನಡದಂಥ ಏಳು ಜಿಲ್ಲೆ ಇಟ್ಟು ಮೇಲೆ ಚೂರು ಉಳಿಯುತ್ತದೆ. ಅಲ್ಲಿ 38 ಕೋಟಿ ಟನ್ ಕಲ್ಲಿದೆಯಂತೆ. ಎಣಿಸಿದ್ದು ಯಾರು ಅಂದರೆ ಕಂಪ್ಯೂಟರ್. ಶಿರಸಿ ಕಡೆ ಅಡಿಕೆ ಫಸಲು ಗುತ್ತಿಗೆ ಹಿಡಿಯುವವನು ತೋಟದಲ್ಲಿ ನಾಲ್ಕು ಸಾಲು ನಡೆದು, ಗೊನೆ ನೋಡಿ, "ಇಷ್ಟು ಕ್ವಿಂಟಲ್ ಬರ್ತದೆ" ಅನ್ನುತ್ತಾನಲ್ಲ, ಅದೇ ಲೆಕ್ಕ. ಅಲ್ಲಲ್ಲಿ ಕೆಸರು ಎತ್ತಿ, ಅಲ್ಲಲ್ಲಿ ಫೋಟೋ ತೆಗೆದು, ಉಳಿದದ್ದನ್ನು ಅಂದಾಜು ಹಾಕುವುದು. ಅಡಿಕೆಯವನು ತಪ್ಪಿದರೆ ಗಂಟು ಅವನದೇ ಹೋಗುತ್ತದೆ, ಅದಕ್ಕೇ ಅವನು ಕೊಳೆರೋಗದ ಲೆಕ್ಕವನ್ನೂ ಹಾಕಿರುತ್ತಾನೆ.

ಈ ಕಲ್ಲು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ ಅಂತ ಹೇಳಿದಾಗ ಹಿಂದಿನ ಸಾಲಿನಿಂದ ಯಾರೋ "ಹುಬ್ಬಳ್ಳಿ–ಅಂಕೋಲಾ ರೈಲಿಗಿಂತ ಪರವಾಗಿಲ್ಲ, ಕಲ್ಲಾದ್ರೂ ಬೆಳೀತಿದೆ" ಅಂದರು. ಆ ರೈಲು ಹೋದ ಶತಮಾನದಲ್ಲೇ ಮಂಜೂರಾಗಿದ್ದು. ಕಲ್ಲಿನ ಕಡತವೂ ಹಳೆಯದೇ. ಗೋವಾದ ಸಮುದ್ರ ವಿಜ್ಞಾನಿಗಳು ಗವೇಷಣಿ ಹಡಗಿನಲ್ಲಿ ಮೊದಲ ಕಲ್ಲು ಎತ್ತಿದ್ದು 1981ರ ಜನವರಿ 26ಕ್ಕೆ. ಇಷ್ಟು ವರ್ಷವಾದರೂ ಜಗತ್ತಿನಲ್ಲಿ ಎಲ್ಲೂ ವ್ಯಾಪಾರದ ಗಣಿಗಾರಿಕೆ ಶುರುವಾಗಿಲ್ಲ. ನಿಯಮ ಬರೆಯಬೇಕಾದ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ದೂರದ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1994ರಿಂದ ಕೂತಿದೆ, ಬರೆಯುತ್ತಲೇ ಇದೆ. ಇನ್ನೊಂದು ತಮಾಷೆ ಗೊತ್ತಾ? 1974ರಲ್ಲಿ ಅಮೆರಿಕದ ಒಂದು ದೊಡ್ಡ ಹಡಗು ಇದೇ ಕಲ್ಲು ಹೆಕ್ಕುತ್ತೇವೆ ಅಂತ ಊರೆಲ್ಲಾ ಸಾರಿ ಹೊರಟಿತ್ತು. ಅದು ಎತ್ತಲು ಹೋಗಿದ್ದು ಮುಳುಗಿದ್ದ ರಷ್ಯಾದ ಸಬ್‌ಮರೀನು. ಯೋಜನೆಯ ಬೋರ್ಡ್ ಒಂದು, ಒಳಗಿನ ಕೆಲಸ ಇನ್ನೊಂದು. ನಾವು ಕರಾವಳಿಯವರು ಇದಕ್ಕೆಲ್ಲ ಆಶ್ಚರ್ಯಪಡುವುದಿಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದರು. ಒಬ್ಬ ಹಿರಿಯ ತಾಂಡೇಲರು, ಅಂದರೆ ಬೋಟು ನಡೆಸುವವರು, ಎದ್ದು ನಿಂತರು.

"ಸಾಹೇಬ್ರೇ, ಆ ಕಲ್ಲಿನ ಹತ್ರ ಯಾರು ಇರ್ತಾರೆ?"

"ಯಾರೂ ಇಲ್ಲ ಯಜಮಾನ್ರೇ. ಅದು ಖಾಲಿ ಜಾಗ."

ಇಡೀ ಹಾಲ್ ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಜೋರು ನಗು. ಸಾಹೇಬರಿಗೆ ಯಾಕೆ ಅಂತ ತಿಳಿಯಲಿಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟುವಾಗ, ಕೈಗಾ ಅಣುಸ್ಥಾವರ ಬರುವಾಗ, 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆದಾಗ, ನಕ್ಷೆಯಲ್ಲಿ ನಾವೂ ಖಾಲಿ ಜಾಗವೇ. ಆ ಖಾಲಿ ಜಾಗದವರು ಪರಿಹಾರಕ್ಕೆ ಕೋರ್ಟು ಅಲೆದು ಅಲೆದು ಮುದುಕರಾದರು.

ಕಡಲ ತಳದಲ್ಲೂ ಜನ ಇದ್ದಾರೆ. ಮೆತ್ತನೆ ಕೆಸರಲ್ಲಿ ಬೇರೆ ಗಟ್ಟಿ ನೆಲೆ ಸಿಗದೆ ಸ್ಪಂಜುಗಳು ಈ ಕಲ್ಲನ್ನೇ ಹಿಡಿದು ಬದುಕುತ್ತವೆ. ಸೌತೆಕಾಯಿಯಂಥ ಮೈಯ ಕಡಲಸೌತೆ ಅನ್ನುವ ಪ್ರಾಣಿಗಳು ಕೆಸರು ತಿನ್ನುತ್ತಾ ಓಡಾಡಿಕೊಂಡಿವೆ. ಇಂಥದೇ ಕಲ್ಲಿರುವ ಶಾಂತಸಾಗರದ ಒಂದು ಭಾಗದಲ್ಲಿ ಹುಡುಕಿದರೆ ಐದು ಸಾವಿರಕ್ಕೂ ಹೆಚ್ಚು ಬಗೆಯ ಜೀವಿ ಸಿಕ್ಕವು, ಅದರಲ್ಲಿ ಸುಮಾರು ನೂರಕ್ಕೆ ತೊಂಬತ್ತಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ. ಹೆಸರೇ ಇಲ್ಲದವರಿಗೆ ಪಹಣಿ ಎಲ್ಲಿಂದ ಬರಬೇಕು? ರೇಷನ್ ಕಾರ್ಡ್ ಎಲ್ಲಿಂದ ಬರಬೇಕು?

ಆದರೂ ಕಾನೂನು ಕಾನೂನು. ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ ನಮ್ಮ ಜಿಲ್ಲೆಯ ಬುಡಕಟ್ಟಲ್ಲದ ಅತಿಕ್ರಮಣದಾರರಿಗೆ ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ಕೇಳುತ್ತಾರಲ್ಲ, ಅದನ್ನೇ ಇಲ್ಲೂ ಕೇಳಿದರಾಯಿತು. ಸಾರ್ವಜನಿಕ ಅಹವಾಲು ಸಭೆ 6,000 ಮೀಟರ್ ಕೆಳಗೆ, ಬೆಳಿಗ್ಗೆ 11ಕ್ಕೆ. ಮೂವತ್ತು ದಿನ ಮೊದಲು ಎರಡು ಪೇಪರಲ್ಲಿ ನೋಟಿಸು. ವರದಿ ಇಂಗ್ಲಿಷಿನಲ್ಲಿ ಸಾವಿರ ಪುಟ, ಕನ್ನಡದ ಸಾರಾಂಶ ಹನ್ನೆರಡು ಪುಟ. ಬ್ಯಾರಿಕೇಡ್, ಪೊಲೀಸ್ ವ್ಯಾನು. ಸ್ಪಂಜು ತನ್ನ ಕಲ್ಲನ್ನು ತೋರಿಸಿ "ಮನೆಗೇ ಕೋಟಿ ವರ್ಷ ಆಗಿದೆ ಸಾಹೇಬ್ರೇ" ಅನ್ನುತ್ತದೆ. "ಅದು ಸರಿ, ಆದರೆ ಅಂತಾರಾಷ್ಟ್ರೀಯ ಕಾನೂನಲ್ಲಿ ಈ ಕಲ್ಲು ಇಡೀ ಮನುಕುಲದ ಸಮಾನ ಆಸ್ತಿ. ನೀವು ಮನುಕುಲವಾ?" ಅಲ್ಲ. ಹಾಗಾದರೆ ಅತಿಕ್ರಮಣ. ಮುಂದಿನವರು ಬನ್ನಿ. ಕಡಲಸೌತೆಗೆ ಬಾಯಿದೆ, ಮಾತಿಲ್ಲ. ಮೌನಂ ಸಮ್ಮತಿ ಲಕ್ಷಣಂ. ನಡಾವಳಿಯಲ್ಲಿ "ಬಹುತೇಕರು ಯೋಜನೆಯನ್ನು ಸ್ವಾಗತಿಸಿದರು" ಅಂತ ಬರೆದು ಸಹಿ ಮಾಡಿದರೆ ಮುಗಿಯಿತು.

ಕಡಲ ತಳಕ್ಕೆ ಗಾಯ ಆದರೆ ಮಾಯುತ್ತದೆ ಅಂತಲೂ ಸಾಹೇಬರು ಹೇಳಿದರು. ಕಂಪ್ಯೂಟರ್ ಮಾಡೆಲ್‌ನಲ್ಲಿ ಮಾಯುತ್ತದಂತೆ. 1989ರಲ್ಲಿ ಪೆರು ದೇಶದ ಆಚೆ ವಿಜ್ಞಾನಿಗಳು ಪರೀಕ್ಷೆಗೆ ಅಂತ ಕಡಲ ತಳವನ್ನು ಉತ್ತಿದ್ದರು, 2015ರಲ್ಲಿ ಹೋಗಿ ನೋಡಿದರೆ ನೇಗಿಲ ಗೆರೆ ಹಾಗೇ ಇದ್ದವು. ನಮ್ಮಲ್ಲಿ ಹಾಕಿದ ಡಾಂಬರು ಒಂದು ಮಳೆಗಾಲ ನಿಲ್ಲಲ್ಲ. ರಸ್ತೆ ಮಾಡೋದೇ ಆದರೆ ಅಲ್ಲೇ ಹೋಗಿ ಮಾಡಬೇಕು.

ಊಟಕ್ಕೆ ಕೂತೆವು. ಸಾಹೇಬರು ಪಲಾವ್ ಕೆದಕುತ್ತಾ ಪಕ್ಕದಲ್ಲಿದ್ದ ತಾಂಡೇಲರನ್ನು ಕೇಳಿದರು, "ಏನ್ ಯಜಮಾನ್ರೇ, ಕಾರವಾರಕ್ಕೆ ಬಂದು ಬರೀ ಪಲಾವಾ? ಒಂದು ತಾಜಾ ಬಂಗಡೆ ಫ್ರೈ ಸಿಗಲ್ವಾ?"

"ಬೋಟು ಬಂದ್ ಸಾಹೇಬ್ರೇ. ಮೀನು ಮೊಟ್ಟೆ ಇಡೋ ಕಾಲ."

"ಎಷ್ಟು ದಿನ?"

"61."

ಸಾಹೇಬರ ಮುಖ ಬಾಡಿತು. "ಅಯ್ಯೋ, ಅಷ್ಟೊಂದು ದಿನ ಕಾಯ್ಬೇಕಾ?" ಅಂದರು.