ಪ್ಯಾರಿಸ್‌ನ ಡಿಸ್ಕವರಿ ಮೌಂಟನ್: ಒಂದು ಸ್ಪಷ್ಟನೆ

ಪ್ಯಾರಿಸ್ ಡಿಸ್ನಿಲ್ಯಾಂಡಿನ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಅಮೆರಿಕದ ಮೂಲದ ಬರೀ ನಕಲು, 'ಡಿಸ್ಕವರಿ ಮೌಂಟನ್' ಎಂಬ ದೊಡ್ಡ ಯೋಜನೆಯನ್ನು ಪೂರ್ತಿ ಕಸದಬುಟ್ಟಿಗೆ ಹಾಕಿ ಅದನ್ನು ತಂದರು ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ.

ವಿನ್ಯಾಸಕ ಟಿಮ್ ಡಿಲೇನಿ ತಂಡ ರೂಪಿಸಿದ್ದ ಡಿಸ್ಕವರಿ ಮೌಂಟನ್ ಕಟ್ಟಲಿಲ್ಲ ಎಂಬುದು ನಿಜ. ಒಂದೇ ಬೃಹತ್ ಗುಮ್ಮಟದಡಿ ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಲೋಕವನ್ನೆಲ್ಲ ತುಂಬುವ ಆಸೆ ಅದು: ರೋಲರ್ ಕೋಸ್ಟರ್, ಕೊಳದಲ್ಲಿ ನಾಟಿಲಸ್ ಜಲಾಂತರ್ಗಾಮಿ, ಎತ್ತರದಿಂದ ಬೀಳಿಸುವ ಇನ್ನೊಂದು ಸವಾರಿ. ಆದರೆ 1992ರಲ್ಲಿ ತೆರೆದ ಪಾರ್ಕ್ ನಷ್ಟಕ್ಕಿಳಿಯಿತು. ಕೈಯಲ್ಲಿ ಕಾಸಿಲ್ಲ, ಗುಮ್ಮಟ ಕುಗ್ಗಿತು.

ಕುಗ್ಗಿತು, ಸಾಯಲಿಲ್ಲ. ನಾಟಿಲಸ್ 1994ರಲ್ಲಿ ಪಕ್ಕದಲ್ಲೇ ಪ್ರತ್ಯೇಕವಾಗಿ ಬಂತು. ಕೋಸ್ಟರ್, ಅಂದರೆ ಸ್ಪೇಸ್ ಮೌಂಟನ್, 1995ರ ಜೂನ್ 1ರಂದು ಶುರುವಾಯಿತು. ವರ್ನ್‌ನ 1865ರ ಚಂದ್ರಯಾನದ ಕಾದಂಬರಿಯೇ ಆಗ ಅದರ ಕಥೆಯಾಗಿತ್ತು; ಹೊರಗಿನ ಫಿರಂಗಿಯಿಂದ ಬಂಡಿ ಚಿಮ್ಮುತ್ತದೆ, ಒಳಗೆ ಮೂರು ಬಾರಿ ತಲೆಕೆಳಗಾಗುತ್ತದೆ. 1975ರ ಫ್ಲೋರಿಡಾ ಮೂಲದಲ್ಲಿ ಫಿರಂಗಿಯೂ ಇಲ್ಲ, ತಲೆಕೆಳಗಾಗುವ ತಿರುವೂ ಇಲ್ಲ. ನಕಲು ಎನ್ನುವವರು ಎರಡನ್ನೂ ಹತ್ತಿ ನೋಡಿಲ್ಲವೆಂದೇ ನನ್ನ ಅನುಮಾನ. ಹೆಸರು ಮಾತ್ರ ಅಮೆರಿಕದ್ದು. 2017ರಿಂದ ಸ್ಟಾರ್ ವಾರ್ಸ್ ಸಿನಿಮಾದ ವೇಷ ಬೇರೆ ತೊಟ್ಟಿದೆ, ಹಾಗಾಗಿ ವರ್ನ್ ಛಾಯೆ ಈಗ ಹೊರಗೋಡೆಯಲ್ಲೇ ಹೆಚ್ಚು ಕಾಣುತ್ತದೆ.